ಮೋರಿಯಿಂದ ಬಂದ ಮರಿ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಬಚ್ಚಲಿನ ಮೋರಿಯಿಂದ ಒಂದು ಹಾವಿನ ಮರಿ ಹೊರಗೆ ಬಂತು. ಒಂಬತ್ತು ಹೊಡೆಯುವ ಮೊದಲೇ ಅದು ನಾಗರಹಾವು ಎಂದು ನಾನು ತೀರ್ಪು ಕೊಟ್ಟಾಗಿತ್ತು. ನನ್ನ ಸ್ವಭಾವವೇ ಅಂಥದ್ದು. ಮೂವತ್ತೊಂದು ವರ್ಷ ಡೊಂಬಿವಲಿ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸಿದವನು ನಾನು, ಜಯಶೀಲ. ಸೈರನ್ ಕೂಗುವುದರೊಳಗೆ ನಾನೂರು ಪ್ಲೇಟು ತಯಾರಿರಬೇಕು. ಯೋಚಿಸುತ್ತ ನಿಂತರೆ ಸಾಂಬಾರು ತಳ ಹಿಡಿಯುತ್ತದೆ. ಹಾಗಾಗಿ ಮೊದಲು ಮಾತು, ಆಮೇಲೆ ನೋಟ. ಕ್ಯಾಂಟೀನ್ ಬಿಟ್ಟು ನಾಲ್ಕು ವರ್ಷವಾದರೂ ಕೂತಲ್ಲಿ ಕೂರುವ ಅಭ್ಯಾಸ ನನಗೆ ಇನ್ನೂ ಬಂದಿಲ್ಲ.

ಮೊದಲು ನೋಡಿದವಳು ಸೊಸೆ ಪೂಜಿತಾ. "ಮಾವಾ, ಜಲ್ದಿ ಆಯಿಯೇ! ಸಾಪ್ ಹೈ, ಸಾಪ್!" ಎಂದು ಕೂಗಿದಳು. ಅವಳು ಹುಟ್ಟಿ ಬೆಳೆದದ್ದು ನವಿ ಮುಂಬೈಯ ಕಾಮೋಠೆಯಲ್ಲಿ. ಗಾಬರಿಗೆ ಹಿಂದಿ, ಸಿಟ್ಟಿಗೆ ಮರಾಠಿ, ತೀರ ಮುಖ್ಯವಾದ ಮಾತಿದ್ದರೆ ಮಾತ್ರ ಕನ್ನಡ. ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ನಿಂತದ್ದು ಉಳಿದಿರಲಿಲ್ಲ, ಒಂದು ನಾಲ್ಕನೇ ತಿಂಗಳಿಗೆ, ಇನ್ನೊಂದು ಆರನೆಯದಕ್ಕೆ. ಅವಳು ಸೀನಿದರೂ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುವ ಕಾಲ ಅದು. ನಾನು ಚಾ ಲೋಟ ಅಲ್ಲೇ ಕುಕ್ಕಿ ಓಡಿದೆ.

ಮರಿ ಒಂದು ಗೇಣಿಗಿಂತ ತುಸು ಉದ್ದ, ಪೆನ್ಸಿಲಿನಷ್ಟು ದಪ್ಪ. ರಾತ್ರಿಯ ಮಳೆಗೆ ಹಿಂದಿನ ನಾಲಾ ತುಂಬಿ, ಮೋರಿಯ ಜಾಲರಿ ಮುರಿದ ಕಡೆಯಿಂದ ಒಳಗೆ ಬಂದಿರಬೇಕು. ಬಕೆಟ್ಟಿನ ಪಕ್ಕ ಸುರುಳಿಯಾಗಿ ಕೂತಿತ್ತು. ನಾನು ಬಾಗಿದ್ದೇ ತಡ, ಎರಡು ಬೆರಳೆತ್ತರ ಎದ್ದು ಕತ್ತನ್ನು ಚಪ್ಪಟೆ ಮಾಡಿ ನನ್ನ ಕಡೆ ತಿರುಗಿತು.

ನನ್ನ ಕಾಲು ತಾನಾಗಿ ಹಿಂದೆ ಹೋಯಿತು.

ಸದ್ದು ಕೇಳಿ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಕೋಲು ಹಿಡಿದು ಹಿಂಬಾಗಿಲಿಗೆ ಬಂದಿದ್ದ. "ಹಟೋ ಅಂಕಲ್, ಅಭೀ ಖತಂ ಕರ್ತಾ ಹೂಂ" ಎಂದು ಕೋಲೆತ್ತಿದ. ನಾನು ಅವನ ಕೈ ಹಿಡಿದು ಎಷ್ಟು ಜೋರಾಗಿ ಕಿರುಚಿದೆನೆಂದರೆ ಮೇಲಿನ ಮಹಡಿಯವರು ಕಿಟಕಿ ತೆಗೆದರು. "ಹಾತ್ ಮತ್ ಲಗಾನಾ! ನಾಗ್ ಹೈ! ನಾಗ್ ಕಾ ಬಚ್ಚಾ ಹೈ!"

ಅವನು ಕೋಲು ಇಳಿಸಿ ಕೈ ಮುಗಿದ. ನೆಲ ಒರೆಸುವ ವೈಪರ್‌ನಿಂದ ಮರಿಯನ್ನು ಮೆಲ್ಲಗೆ ದೂಡಿ, ಉದ್ದು ನೆನೆಹಾಕುವ ಪ್ಲಾಸ್ಟಿಕ್ ಡಬ್ಬದೊಳಗೆ ಸೇರಿಸಿ ನಾನು ಮುಚ್ಚಳ ಹಾಕಿದೆ. ಅದು ಸರಿಯಾಗಿ ಕೂರಲು ಮೂರು ಸಲ ಬೇಕಾಯಿತು. ವಾಚ್‌ಮನ್ ಎದುರು ಮೀಸೆ ತಿರುವಿದೆ, ಅದು ಬೇರೆ ಮಾತು.

ನನ್ನ ಹೆಂಡತಿ ರತ್ನಾವತಿ ನಾಗ ಎಂಬ ಶಬ್ದ ಕೇಳಿದ್ದೇ ಒಲೆ ಆರಿಸಿ, ತಲೆಗೆ ನೀರು ಹುಯ್ದುಕೊಂಡು ಬಂದಳು. ನಾವು ಮೂಲ್ಕಿ ಕಡೆಯವರು. ಅಲ್ಲಿ ಕೇರೆಹಾವು ಬಂದರೆ ಓಡಿಸುತ್ತಾರೆ, ವಿಷದ ಕನ್ನಡಿ ಹಾವು ಬಂದರೆ ಹೊಡೆಯುತ್ತಾರೆ, ನಾಗ ಬಂದರೆ ದಾರಿ ಬಿಟ್ಟು ಕೈ ಮುಗಿಯುತ್ತಾರೆ. ಸತ್ತ ನಾಗನನ್ನು ಕಂಡವರು ಮನುಷ್ಯರಿಗೆ ಮಾಡುವಂತೆಯೇ ಕರ್ಮ ಮಾಡಿಸಬೇಕು. ಕೊಂದವನ ಗತಿ ಕೇಳುವುದೇ ಬೇಡ. ಅವನ ಸಂತಾನ ನಿಲ್ಲುವುದಿಲ್ಲ ಎಂದು ಮಾತು.

"ಏಳನೇ ತಿಂಗಳಿಗೆ ತಾನಾಗಿ ಮನೆಗೆ ಬಂದಿದ್ದಾನೆ," ಎಂದಳು ರತ್ನಾ, ಕಣ್ಣಲ್ಲಿ ನೀರು. "ಬರುವ ಭಾನುವಾರ ಸೀಮಂತ, ಈ ಭಾನುವಾರ ನಾಗ. ಇನ್ನೆಂತ ಬೇಕು ಮಾರಾಯ್ರೇ? ಒಂದು ಲೋಟ ಹಾಲು ಎರೆದೇ ಕಳಿಸುವುದು."

ಪೂಜಿತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ನಮ್ಮ ಮನೆಯಲ್ಲಿ ಅವಳ ನಗು ನೋಡಿ ಎಷ್ಟು ತಿಂಗಳಾಗಿತ್ತೋ. ನಾನು ಮಾತ್ರ ಡಬ್ಬದಿಂದ ದೂರ ಸರಿದೆ.

ಯಾಕೆಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆದ ಹಾಳು ಸಾಕು. ಹತ್ತೊಂಬತ್ತರ ಪ್ರಾಯದಲ್ಲಿ, ಮುಂಬೈಗೆ ಬಸ್ಸು ಹತ್ತುವ ವಾರ, ಊರಿನ ಗದ್ದೆಯ ಬದುವಿನಲ್ಲಿ ಇಷ್ಟೇ ಉದ್ದದ ಒಂದು ಮರಿ ನನ್ನ ಕಾಲಬುಡದಲ್ಲಿ ಎದ್ದು ಹೀಗೆಯೇ ಕತ್ತು ಚಪ್ಪಟೆ ಮಾಡಿತ್ತು. ಕೈಯಲ್ಲಿ ಗುದ್ದಲಿ ಇತ್ತು. ಯೋಚಿಸಲಿಲ್ಲ. ಹೊಡೆದೆ. ಆಮೇಲೆ ಹೆಡೆ ನೆನಪಾಗಿ, ಅಲ್ಲೇ ಕೆಸರಿನಲ್ಲಿ ಹೂತು, ಕೈ ತೊಳೆದು ಮನೆಗೆ ಬಂದೆ. ಕರ್ಮವಿಲ್ಲ, ಕಾಣಿಕೆಯಿಲ್ಲ, ಅಪ್ಪನಿಗೆ ಹೇಳಲಿಲ್ಲ, ಮದುವೆಯಾದ ಮೇಲೆ ಹೆಂಡತಿಗೂ ಹೇಳಲಿಲ್ಲ.

ಕಳೆದ ವರ್ಷ, ಪೂಜಿತಾಳ ಎರಡನೆಯದೂ ಹೋದಾಗ, ರತ್ನಾ ಊರಿನ ಜೋಯಿಸರಲ್ಲಿ ವಿಡಿಯೋ ಕಾಲ್‌ನಲ್ಲಿ ಪ್ರಶ್ನೆ ಇಡಿಸಿದಳು. ನಮ್ಮ ಹಾಲ್‌ನ ಟೀಪಾಯಿಯ ಮೇಲೆ ಫೋನು ನಿಲ್ಲಿಸಿತ್ತು. ಸುತ್ತ ನಾವೆಲ್ಲ, ಜೊತೆಗೆ ಕಾಮೋಠೆಯಿಂದ ಬಂದಿದ್ದ ಬೀಗಿತ್ತಿ ಜಯಲತಾ, ಪೂಜಿತಾಳ ತಾಯಿ. ಜೋಯಿಸರು ಕವಡೆ ಸರಿಸಿ ಹೇಳಿದರು: "ಒಂದು ನಾಗನ ಮರಿಗೆ ನೋವಾಗಿದೆ. ಯಾರ ಕಡೆಯಿಂದ ಅಂತ ನೀವೇ ಯೋಚನೆ ಮಾಡಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ. ಸುಮ್ಮನೆ ಫ್ಯಾನ್ ನೋಡಿದೆ.

"ನಮ್ಮಲ್ಲಿ ವರ್ಷವರ್ಷ ನಾಗನಿಗೆ ತಂಬಿಲದ ಪೂಜೆ ತಪ್ಪಿದ್ದಿಲ್ಲ, ನಮ್ಮದಲ್ಲ" ಎಂದಳು ರತ್ನಾ. ಎಲ್ಲರ ಕಣ್ಣು ಜಯಲತಾರ ಮೇಲೆ ಹೋಯಿತು. ಅವರ ಗಂಡ ತೀರಿಹೋದ ಮೇಲೆ ಏಳು ವರ್ಷ ಅವರು ಊರಿನ ನಾಗಬನಕ್ಕೆ ಹೋಗಿರಲಿಲ್ಲ. ಆ ಹೆಂಗಸು ನಮ್ಮ ಸೋಫಾದ ಅಂಚಿನಲ್ಲಿ ಕೂತು, "ಹಾಗಾದರೆ ನಮ್ಮ ಕಡೆಯದ್ದೇ ಇರಬೇಕು" ಎಂದು ಕಣ್ಣೊರೆಸಿಕೊಂಡರು. ಮುಂದಿನ ತಿಂಗಳು ಒಬ್ಬರೇ ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಬಂದರು. ಆಮೇಲೆ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಸೀಮಂತಕ್ಕೆ ಕರೆದರೆ, "ನನ್ನ ನೆರಳು ಬೇಡ, ನೀವೇ ಮಾಡಿ" ಎಂದು ಫೋನಿಟ್ಟರು. ತಾಯಿಯಿಲ್ಲದ ಸೀಮಂತ ನನಗೂ ಬೇಡ ಎಂದು ಪೂಜಿತಾ ಹೇಳಿ ನಾಲ್ಕು ದಿನವಾಗಿತ್ತು.

ಈಗ ಅದೇ ಮನೆಗೆ, ಅದೇ ಉದ್ದದ ಮರಿ. ಲೆಕ್ಕ ಚುಕ್ತಾ ಮಾಡಲು ಬಂದಿದೆ ಎಂದೇ ನನಗೆ ಅನಿಸಿತು.

ನಾನು ತಡೆಯುವ ಮೊದಲು ರತ್ನಾ ಡಬ್ಬದ ಮುಚ್ಚಳ ಸರಿಸಿ ಅರಸಿನ ಕದಡಿದ ಹಾಲನ್ನು ಮರಿಯ ತಲೆಯಿಂದ ಬಾಲದವರೆಗೆ ಎರೆದಳು. ಮೇಲಿಂದ ಒಂದು ಚಿಟಿಕೆ ಒಣ ಅರಸಿನ. ಮರಿ ಒದ್ದಾಡಿತು, ಬಾಯಿ ತೆರೆದು ಮುಚ್ಚಿ ಮಾಡಿತು. "ನೋಡಿ, ನೋಡಿ, ಕುಡಿಯುತ್ತಾನೆ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಹತ್ತು ನಿಮಿಷಕ್ಕೆ ಅದು ಹಳದಿ ಕೆಸರಿನಲ್ಲಿ ದಾರದ ತುಂಡಿನಂತೆ ಬಿದ್ದಿತ್ತು.

ಅಷ್ಟರಲ್ಲಿ ಪೂಜಿತಾ ಸೊಸೈಟಿಯ ವಾಟ್ಸಾಪ್ ಗ್ರೂಪಿನಿಂದ ಒಬ್ಬ ಸರ್ಪಮಿತ್ರನ ನಂಬರು ಹುಡುಕಿ ಕೊಟ್ಟಳು. ಹಾವು ಹಿಡಿದು ಕಾಡಿಗೋ ಕೆರೆಗೋ ಬಿಡುವವರಿಗೆ ಇಲ್ಲಿ ಹಾಗೆ ಹೇಳುವುದು. ಹೆಸರು ವಿಜಯಕುಮಾರ. ಫೋನ್ ಎತ್ತಿದವನು ನನ್ನ ಹಿಂದಿ ಕೇಳಿಯೇ ಕನ್ನಡಕ್ಕೆ ತಿರುಗಿದ. ವಿಜಯಪುರದ ಕಡೆಯವನಂತೆ, ಇಲ್ಲೇ ಎಂಐಡಿಸಿಯಲ್ಲಿ ಫಿಟ್ಟರ್ ಕೆಲಸ.

"ನಾ ಈಗ ಠಾಣೆ ಶಹರದಾಗ ಅದೇನ್ರಿ, ವರ್ತಕ ನಗರದಾಗ. ಒಬ್ಬರ ಸ್ಕೂಟರಿನ್ಯಾಗ ಹಾವು ಹೊಕ್ಕೈತಿ. ಮ್ಯಾಲ ಇವತ್ತು ಮೆಗಾಬ್ಲಾಕ್, ರೈಲು ಕಡಿಮಿ, ನನ್ನ ಬೈಕು ಡೊಂಬಿವಲಿ ಸ್ಟೇಷನ್ನಿನ್ಯಾಗ ಐತಿ. ಬರೂದ್ರಾಗ ಸಂಜಿ ನಾಕ ಆಗ್ತದ. ಮೊದಲ ಒಂದು ಫೋಟೋ ಹಾಕ್ರಿ."

ಹಾಕಿದೆ. ಕೂಡಲೇ ಬೈಗುಳ ಬಂತು. "ಮ್ಯಾಲಿಂದ ಬ್ಯಾಡ್ರಿ ಯಜಮಾನ್ರ, ಇದ್ರಾಗ ಅರಿಷಿಣ ಬಿಟ್ಟು ಏನೂ ಕಾಣಂಗಿಲ್ಲ. ಡಬ್ಬದ ಬಾಜೂದಿಂದ, ಮಾರಿ ಕಾಣುವಂಗ ತಗೀರಿ. ಕೈ ಮಾತ್ರ ಹಚ್ಚಬ್ಯಾಡ್ರಿ."

ಡಬ್ಬವನ್ನು ಹಿಂಬಾಗಿಲ ಬೆಳಕಿಗೆ ಒಯ್ದು, ಕುಕ್ಕರುಗಾಲಿನಲ್ಲಿ ಕೂತು ನಾಲ್ಕು ಫೋಟೋ ತೆಗೆದು ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಫೋನ್ ರಿಂಗಾಯಿತು. ನಾನು ಮೆಟ್ಟಿಲಿಳಿದು ನಾಲಾದ ಗೋಡೆಯ ಹತ್ತಿರ ಹೋಗಿ ಎತ್ತಿದೆ.

"ನಾಗರಹಾವು ಅಲ್ರಿ ಇದು. ನೀರಹಾವು. ನೀರೊಳ್ಳೆ ಅಂತೀರಲ್ಲ ನಿಮ್ಮ ಕಡೆ, ಅದ. ಕಣ್ಣಿನ ಕೆಳಗ ಎರಡು ಕರಿ ಗೆರಿ ಓರೆ ಇಳದಾವ ನೋಡ್ರಿ. ಮೈಮ್ಯಾಲ ಚೌಕ ಚೌಕ ಮನಿ. ವಿಷ ಇಲ್ಲ. ಅಂಜಿದ್ರ ಕತ್ತ ಚಪ್ಪಟ ಮಾಡ್ತಾವ, ಮಂದಿ ಹೆಡಿ ಅಂತ ತಿಳೀತಾರ."

"ಖಂಡಿತವಾ?" ಎಂದೆ.

"ಬಂದು ಕಣ್ಣಾರೆ ನೋಡಿ ಪಕ್ಕಾ ಹೇಳ್ತೀನಿ, ಫೋಟೋದಾಗ ನೋಡಿ ಯಾರೂ ಹಾವಿಗೆ ಕೈ ಹಾಕಬಾರದು. ಆದ್ರ ಅದನ್ನ ಬಿಡ್ರಿ, ಹಾಲು ಹಾಕೀರಲ್ರಿ! ಹಾವು ಹಾಲು ಕುಡಿಯೂದಿಲ್ಲ ಯಜಮಾನ್ರ. ನೀರಡಿಕಿ ಆದ್ರ ಬಾಯಾಗ ಬಂದದ್ದು ನುಂಗ್ತಾವ, ಅದು ಕರಗೂದಿಲ್ಲ. ಅರಿಷಿಣ ಮೂಗಿನ್ಯಾಗ ಹೊಕ್ಕಿದ್ರ ಉಸಿರು ಕಟ್ತದ. ಮೊದಲ ತೊಳೀರಿ."

ಅವನು ಹೇಳುತ್ತ ಹೋದ, ನಾನು ಶಾಲೆಯ ಹುಡುಗನಂತೆ ಹೂಂಗುಟ್ಟಿದೆ. ಬಿಸಿನೀರು ಕೂಡದು, ಫ್ರಿಜ್ ನೀರೂ ಕೂಡದು. ಮಗ್ಗಿನಿಂದ ಮೆಲ್ಲಗೆ ಬಿಡಬೇಕು, ತಲೆ ಮುಳುಗಬಾರದು. ಆಮೇಲೆ ಬೇರೆ ಡಬ್ಬ, ಮುಚ್ಚಳಕ್ಕೆ ತೂತು, ಒದ್ದೆ ಹತ್ತಿಬಟ್ಟೆ, ಬಾಟಲಿಯ ಮುಚ್ಚಳದಲ್ಲಿ ಕುಡಿಯಲು ನೀರು. ತಿನ್ನಲು ಏನೂ ಕೊಡಬಾರದು. ಕತ್ತಲೆ, ಶಾಂತಿ. "ಮತ್ತ ಮತ್ತ ತಗದು ನೋಡಬ್ಯಾಡ್ರಿ, ಅದಕ್ಕ ಅಂಜಿಕಿ ಆಗ್ತದ. ಸುಮ್ಮ ಕುಂದ್ರೂದ ದೊಡ್ಡ ಆರೈಕಿ."

ಸುಮ್ಮನೆ ಕೂರುವುದು. ಅದನ್ನೇ ನನಗೆ ಹೇಳಬೇಕೇ!

ಒಳಗೆ ಬರುವಾಗ ನಿಜ ಹೇಳಿಬಿಡಬೇಕೆಂದೇ ಇದ್ದೆ. ಹಾಲ್‌ನಲ್ಲಿ ಪೂಜಿತಾ ಬೆಳಗಿನ ಎರಡನೇ ಪ್ಲೇಟು ನೀರ್‌ದೋಸೆ ತಿನ್ನುತ್ತಿದ್ದಳು. ತಿಂಗಳುಗಟ್ಟಲೆ ಹಕ್ಕಿಯಂತೆ ಕೊಕ್ಕುತ್ತಿದ್ದವಳು. ಹೇಗೆ ಹೇಳಲಿ? ನಾಗ ಅಲ್ಲ ಎಂದರೆ ಆ ದೋಸೆ ಅಲ್ಲಿಗೇ ನಿಲ್ಲುತ್ತದೆ. ನಾಗ ಎಂದೇ ಬಿಟ್ಟರೆ, ಮರಿ ಸಂಜೆಯೊಳಗೆ ಸತ್ತರೆ? ಮನೆಯಲ್ಲಿ ನಾಗ ಸತ್ತ ಸೂತಕ, ಸೀಮಂತ ಬಂದ್, ಹೊಟ್ಟೆಯಲ್ಲಿರುವುದರ ಮೇಲೆ ಮೂರನೇ ಹೆದರಿಕೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬುದು ಗಾದೆ. ನನ್ನದು ಹಾವೂ ಸಾಯಬಾರದು, ಮಾತೂ ಮುರಿಯಬಾರದು.

"ರತ್ನಾ, ಶುದ್ಧ ನೀರಿನ ಸ್ನಾನ ಆಗಬೇಕಂತೆ," ಎಂದೆ. "ಹಾಲು ಸಾಕಂತೆ. ಅವರು ತಿಳಿದವರು."

"ಯಾರು, ಭಟ್ರಾ?"

"ಹೂಂ, ಹಾವಿನ ಭಟ್ರು."

ಬಚ್ಚಲಲ್ಲಿ ಕೂತು ತೊಳೆದೆ. ಮೊಮ್ಮಗುವಿಗೆ ಮೊದಲ ಸ್ನಾನ ಹೇಗೆ ಮಾಡಿಸಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಯೋಚಿಸಿದ್ದವನು, ಮಗ್ಗಿನ ಅಂಚಿನಿಂದ ನೂಲಿನಷ್ಟು ನೀರು ಬಿಡುತ್ತ ಹಾವಿನ ಮರಿಯ ಮೈಯ ಅರಸಿನ ಇಳಿಸುತ್ತಿದ್ದೆ. ಹಳದಿ ಹೋದ ಮೇಲೆ ಕಂಡವು: ಕಣ್ಣಿನ ಕೆಳಗೆ ಎರಡು ಕರಿ ಗೆರೆ, ಕಾಡಿಗೆ ಜಾರಿದಂತೆ. ಮೈಯ ಮೇಲೆ ಚೌಕಗಳು. ಮರಿ ಅಲುಗಲಿಲ್ಲ. ಬಾಯಿಯ ಮೂಲೆಯಿಂದ ಒಂದು ಹನಿ ಹಾಲು ಹೊರಬಂತು. ನಾಲ್ಕು ಸಲ ನೀರು ಬದಲಾಯಿಸಿದೆ, ಐದನೆಯ ಸಲಕ್ಕೆ ಬಾಲದ ತುದಿ ಮಿಡಿಯಿತು. ದೇವರೇ ಎಂದೆ, ಯಾವ ದೇವರಿಗೆ ಅಂತ ಗೊತ್ತಿಲ್ಲ.

ಬಿಸಿ ಮಾಡಿದ ಸ್ಕ್ರೂಡ್ರೈವರಿನಿಂದ ಹೊಸ ಡಬ್ಬದ ಮುಚ್ಚಳಕ್ಕೆ ತೂತು ಕೊರೆದೆ. ನನ್ನ ಹಳೆ ಬನಿಯನ್ ಒದ್ದೆ ಮಾಡಿ ಹಾಸಿದೆ. ಡಬ್ಬವನ್ನು ಬಚ್ಚಲ ಮೂಲೆಯಲ್ಲಿಟ್ಟು ಮೇಲೊಂದು ಟವೆಲ್ ಹೊದಿಸಿದಾಗ ಗಂಟೆ ಹನ್ನೊಂದು. ನಾಲ್ಕಕ್ಕೆ ಇನ್ನೂ ಐದು ಗಂಟೆ.

ಆ ಐದು ಗಂಟೆ ನಾನು ಹೇಗೆ ಕಳೆದೆನೋ. ಹಾಲ್‌ನಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ಮುಚ್ಚಳ ತೆಗೆಯಬಾರದು, ಆದರೆ ತೂತಿಗೆ ಕಣ್ಣಿಡಬಾರದೆಂದು ಯಾರೂ ಹೇಳಿರಲಿಲ್ಲ. ಕಾಣುತ್ತಿದ್ದದ್ದು ಕತ್ತಲೆ. ಠಾಣೆ ಶಹರದಲ್ಲಿ ಭಾನುವಾರದ ಡ್ಯೂಟಿಗೆ ಹೋಗಿದ್ದ ಮಗ, ಪೂಜಿತಾಳ ಗಂಡ ರಂಜನ್‌ಗೆ ಮೂರು ಸಲ ಫೋನ್ ಮಾಡಿ ಏನೂ ಹೇಳದೆ ಇಟ್ಟೆ. ಟಿವಿ ಹಾಕಿದೆ, ಆರಿಸಿದೆ. ಊಟಕ್ಕೆ ಕೂತು ಸಾರು ಬಡಿಸುವ ಮೊದಲೇ ಎದ್ದೆ.

"ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀರಿ," ಎಂದಳು ರತ್ನಾ. "ನಾಗನೇ ಹಾಯಾಗಿ ಮಲಗಿದ್ದಾನೆ, ನಿಮಗೆಂತದು?"

ಎರಡು ಗಂಟೆಯ ಹೊತ್ತಿಗೆ ಬಚ್ಚಲಿಗೆ ಹೋದರೆ ಪೂಜಿತಾ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಡಬ್ಬದ ಎದುರು ಕೂತಿದ್ದಳು.

"ಅಲುಗುತ್ತಾ ಇಲ್ಲ ಮಾವ," ಎಂದಳು. ಕನ್ನಡದಲ್ಲಿ. "ನಾನು ಮನಸ್ಸಲ್ಲಿ ಒಂದು ಹೇಳ್ಕೊಂಡಿದ್ದೇನೆ. ಇದು ಜೀವಂತ ವಾಪಸ್ ಹೋದ್ರೆ ನಂದೂ ಉಳೀತದೆ. ಅಮ್ಮನಿಗೂ ಫೋಟೋ ಕಳ್ಸಿದ್ದೇನೆ. ನಿನ್ನ ಪೂಜೆ ಮುಟ್ಟಿದೆ, ನಾಗ ಸಿಟ್ಟಲ್ಲಿಲ್ಲ ನೋಡು ಅಂತ."

"ಅವರೆಂತ ಹೇಳಿದರು?"

"ಏನೂ ಇಲ್ಲ. ನೋಡಿದ್ದಾರೆ. ಬ್ಲೂ ಟಿಕ್ ಬಂದಿದೆ."

ನನ್ನ ಬಾಯಿಯವರೆಗೆ ಬಂತು. ಬಾಯಿ ತೆರೆದೆ ಕೂಡ. ಆದರೆ ನನ್ನ ಬಾಯಿಯಿಂದ ಹೊರಬಿದ್ದದ್ದು, "ಹೋಗಿ ಮಲಗು, ಬೆನ್ನು ನೋಯುತ್ತದೆ" ಎಂಬುದು. ನಾನೂರು ಜನರ ಎದುರು ಕೂಗಾಡಿ ಕೆಲಸ ತೆಗೆದವನಿಗೆ ಒಬ್ಬ ಹೆಣ್ಣುಮಗಳ ಎದುರು ನಾಲಿಗೆ ಏಳಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾಲ್ಕೂ ಇಪ್ಪತ್ತಕ್ಕೆ ವಿಜಯಕುಮಾರ ಬಂದ. ಮೂವತ್ತೈದರ ಆಸುಪಾಸಿನ ಸಣಕಲ ಮನುಷ್ಯ, ಒದ್ದೆ ರೇನ್‌ಕೋಟು, ಹೆಗಲಲ್ಲಿ ಕೊಕ್ಕೆ ಕಟ್ಟಿದ ಕೋಲು. ಬಾಗಿಲಲ್ಲೇ ಅವನನ್ನು ಹಿಡಿದು ಕಿವಿಯಲ್ಲಿ ಎರಡು ಮಾತು ಹೇಳಬೇಕೆಂದಿದ್ದೆ. ಅವನು ನನಗಿಂತ ಅವಸರದವನು. ಚಪ್ಪಲಿ ಕಳಚಿ ನೇರ ಬಚ್ಚಲಿಗೆ ನುಗ್ಗಿದ. ನಾವು ಮೂವರೂ ಹಿಂದೆ.

ಮುಚ್ಚಳ ತೆಗೆದ. ಬನಿಯನ್ನಿನ ಮಡಿಕೆ ಸರಿಸಿದ. ಮರಿ ಸುರುಳಿ ಸುತ್ತಿ ಮಲಗಿತ್ತು. ಅವನ ನೆರಳು ಬಿದ್ದದ್ದೇ, ಎದ್ದು ಕತ್ತು ಚಪ್ಪಟೆ ಮಾಡಿ ಬುಸ್ಸೆಂದಿತು.

"ಭಪ್ಪರೇ!" ಎಂದ ವಿಜಯಕುಮಾರ. "ಛಲೋ ತೊಳದೀರಿ ಯಜಮಾನ್ರ, ಬದುಕ್ತದ. ನಾ ಹೇಳಿದ್ನಲ್ರಿ, ಪಕ್ಕಾ ನೀರಹಾವು. ನಾಗರಹಾವು ಅಲ್ಲವ ಅಲ್ಲ."

ರತ್ನಾ ನನ್ನ ಮುಖ ನೋಡಿದಳು. "ಹೇಳಿದ್ದರಾ? ಯಾವಾಗ?"

"ಮುಂಜಾನೆ ಹತ್ತಕ್ಕ ಹೇಳೀನ್ರಿ ಅಕ್ಕಾರ."

ಪೂಜಿತಾ ಗೋಡೆ ಹಿಡಿದಳು. ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಅವಳು ನನ್ನನ್ನು ಬಿಟ್ಟು ವಿಜಯಕುಮಾರನನ್ನು ಕೇಳಿದಳು: "ಇದರ ತಾಯಿ ಎಲ್ಲಿ?"

"ತತ್ತಿ ಒಡಿಯೂತನಕ ಕಾಯ್ತದ್ರಿ, ಆಮ್ಯಾಲೆ ಹೋಗಿಬಿಡ್ತದ. ಒಂದ ಸಲಕ್ಕ ನಲವತ್ತು, ಐವತ್ತು ತತ್ತಿ. ಅದ್ರಾಗ ದೊಡ್ಡವಾಗೂದು ನಾಕೋ ಐದೋ."

"ಉಳಿದದ್ದು?"

"ಕೊಕ್ಕರಿ ತಿಂತಾವ. ಕೆಲವು ತತ್ತಿಯೊಳಗ ಹೋಗ್ತಾವ. ಯಾರ ತಪ್ಪೂ ಅಲ್ರಿ ತಂಗಿ ಅದು. ತಾಯಿದೂ ಅಲ್ಲ."

ಅವನಿಗೆ ನಮ್ಮ ಮನೆಯ ಕತೆ ಏನೇನೂ ಗೊತ್ತಿರಲಿಲ್ಲ. ಪೂಜಿತಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲ್ಲಾಡುತ್ತಿತ್ತು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

"ತಪ್ಪು ನನ್ನದು," ಎಂದೆ.

ಹೇಳಿದೆ. ಗದ್ದೆ, ಬದು, ಗುದ್ದಲಿ, ಕೆಸರು. ನಲವತ್ತನಾಲ್ಕು ವರ್ಷ ಒಳಗಿದ್ದದ್ದು ಹೊರಗೆ ಬರಲು ಎರಡು ನಿಮಿಷವೂ ಬೇಕಾಗಲಿಲ್ಲ. ಜೋಯಿಸರು ಕೇಳಿದ ದಿನ ನಾನು ಫ್ಯಾನ್ ನೋಡುತ್ತ ಕೂತದ್ದನ್ನೂ ಹೇಳಿದೆ. ರತ್ನಾ ಬಚ್ಚಲಿನ ಹೊಸ್ತಿಲಲ್ಲೇ ಕುಸಿದು ಕೂತಳು. "ಅಯ್ಯೋ ದೇವರೇ, ನೀವಾ?" ಎಂದಳು, ಅಷ್ಟೇ.

ವಿಜಯಕುಮಾರ ಮರಿಯನ್ನು ಬಟ್ಟೆಯ ಚೀಲಕ್ಕೆ ಇಳಿಸುತ್ತಿದ್ದವನು ತಲೆಯೆತ್ತಿದ. "ಗದ್ದಿಯೊಳಗ ನೀರಿತ್ತೇನ್ರಿ ಆವತ್ತು?"

"ಮೊಣಕಾಲಿನವರೆಗೆ."

"ಮೈಮ್ಯಾಲ ಚೌಕ ಚೌಕ ಇದ್ವೇನ್ರಿ?"

ಕಣ್ಣು ಮುಚ್ಚಿದೆ. ಇಷ್ಟು ವರ್ಷ ನನಗೆ ನೆನಪಿದ್ದದ್ದು ಆ ಚಪ್ಪಟೆ ಕತ್ತು ಮಾತ್ರ. ಈಗ ಕೆಸರು ಮುಚ್ಚುವ ಮೊದಲಿನ ಆ ಮೈ ಕಂಡಿತು. ಮನೆ ಮನೆಯಾಗಿ ಚೌಕ. "ಇದ್ದವು," ಎಂದೆ.

"ನಾ ಕಣ್ಣಾರೆ ನೋಡಿಲ್ಲ, ಆಣಿ ಮಾಡಿ ಹೇಳಾಕ ಆಗೂದಿಲ್ಲ. ಆದ್ರ ಅದೂ ನೀರಹಾವ ಇರಬೇಕ್ರಿ."

ನನಗೆ ನಗು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮನಸ್ಸು ಹಗುರಾಗಿ ಗಟ್ಟಿಯಾಗಿ ನಕ್ಕೆ. "ನಾಗ ಅಲ್ಲ ರತ್ನಾ! ನಾಗ ಅಲ್ಲವೇ ಅಲ್ಲ! ದೋಷವೂ ಇಲ್ಲ, ಮಣ್ಣೂ ಇಲ್ಲ!" ರತ್ನಾಳೂ ಕೂತಲ್ಲಿಂದಲೇ ಎರಡು ಕೈ ಎತ್ತಿ ಮುಗಿದಳು. ನಲವತ್ತನಾಲ್ಕು ವರ್ಷದ ಕೊಲೆಗಾರ ಹೀಗೆ ಬಚ್ಚಲಿನಲ್ಲಿ ನಿಂತಲ್ಲೇ ಖುಲಾಸೆಯಾದ.

ಪೂಜಿತಾ ನಗಲಿಲ್ಲ.

"ನಾಗ ಅಲ್ಲದಿದ್ರೂ ಅದು ಮರಿಯೇ ಅಲ್ವಾ ಮಾವ?" ಎಂದಳು.

ನನ್ನ ನಗು ಅರ್ಧದಲ್ಲಿ ನಿಂತಿತು.

"ಮತ್ತೆ ನನ್ನ ಅಮ್ಮ? ಅವರು ಸುಬ್ರಹ್ಮಣ್ಯಕ್ಕೆ ಹೋಗಿ ಯಾರ ಪಾಪ ತೊಳ್ದು ಬಂದದ್ದು?" ದನಿ ಏರಲಿಲ್ಲ. ಮರಾಠಿಯಲ್ಲಿ ಬೈದಿದ್ದರೆ ನಾನು ಎದುರು ಮಾತಾಡಿ ಗೆಲ್ಲುತ್ತಿದ್ದೆ. ಅವಳು ಕನ್ನಡದಲ್ಲೇ ಹೇಳಿದಳು.

ಮರಿಯನ್ನು ಬಿಡಲು ವಿಜಯಕುಮಾರ ಹೊರಟ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಹತ್ತಿರದ ತಳಾವಿನಲ್ಲೇ, ಅಂದರೆ ಕೆರೆಯಲ್ಲೇ, ಬಿಡಬೇಕಂತೆ. ದೂರ ಒಯ್ದರೆ ದಿಕ್ಕು ತಪ್ಪುತ್ತವಂತೆ. ನಾನೂ ಬರುತ್ತೇನೆ ಎಂದಳು ಪೂಜಿತಾ. ರಿಕ್ಷಾದಲ್ಲಿ ಐದು ನಿಮಿಷ. ದಾರಿಯುದ್ದಕ್ಕೂ ಅವಳು ಹೊರಗೆ ನೋಡುತ್ತಿದ್ದಳು, ನಾನು ನನ್ನ ಮೊಣಕಾಲು ನೋಡುತ್ತಿದ್ದೆ.

ತಳಾವಿನ ಅಂಚಿನ ಹುಲ್ಲಿನಲ್ಲಿ ವಿಜಯಕುಮಾರ ಚೀಲದ ಬಾಯಿ ಬಿಚ್ಚಿದ. ಮರಿ ತಲೆ ಹೊರಹಾಕಿ, ನಾಲಿಗೆ ಎರಡು ಸಲ ಆಡಿಸಿ, ನೀರಿಗೆ ಜಾರಿತು. ಒಂದಷ್ಟು ದೂರ ಸಣ್ಣ ಗೆರೆ ಕಂಡಿತು, ಆಮೇಲೆ ಅದೂ ಕಾಣಲಿಲ್ಲ. "ಇವತ್ತಂತೂ ಬದುಕ್ತು," ಎಂದು ವಿಜಯಕುಮಾರ ಚೀಲ ಕೊಡವಿ ಬೈಕು ಹತ್ತಿದ. ಪೂಜಿತಾ ಬಹಳ ಹೊತ್ತು ಆ ನೀರನ್ನೇ ನೋಡಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ನಿನ್ನ ಫೋನ್ ಕೊಡು," ಎಂದೆ. "ನನ್ನ ನಂಬರ್ ನಿನ್ನ ಅಮ್ಮ ಎತ್ತುವುದಿಲ್ಲ."

ಅವಳು ಏನೂ ಕೇಳದೆ ಕಾಮೋಠೆಗೆ ಹಚ್ಚಿ ಕೊಟ್ಟಳು. ಎರಡನೇ ರಿಂಗಿ‌ಗೆ ಎತ್ತಿದರು. "ಎಂತ ಮಗಾ? ಆ ಮರಿ ಇದೆಯಾ? ಬೆಳಗ್ಗಿನಿಂದ ಅದನ್ನೇ ನೋಡ್ತಾ ಕೂತಿದ್ದೇನೆ."

"ಮಗಳಲ್ಲ, ನಾನು ಜಯಶೀಲ," ಎಂದೆ. "ಮರಿ ಕ್ಷೇಮ, ನೀರಿಗೆ ಹೋಯಿತು. ಅದು ನಾಗ ಅಲ್ಲ. ನಾನು ಫೋನ್ ಮಾಡಿದ್ದು ಅದಕ್ಕಲ್ಲ. ಕಳೆದ ವರ್ಷ ನಮ್ಮ ಸೋಫಾದಲ್ಲಿ ಕೂತು ನೀವು ಹೊತ್ತುಕೊಂಡದ್ದು ನನ್ನದು. ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ."

ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು, ಒಂದು, ಎರಡು.

"ಇರಿ," ಎಂದರು ಜಯಲತಾ. "ಗ್ಯಾಸ್ ಆರಿಸಿ ಬರ್ತೇನೆ. ಇಡ್ಬೇಡಿ. ನನಗೆ ಪೂರಾ ಕೇಳ್ಬೇಕು, ಮೊದಲಿಂದ."

ಅಡುಗೆಮನೆಗೆ ಹೋದ ಅವರ ಹೆಜ್ಜೆ ಫೋನಿನಲ್ಲಿ ಕೇಳಿಸುತ್ತಿತ್ತು. ತುಂತುರು ಶುರುವಾಯಿತು. ಪೂಜಿತಾ ದುಪಟ್ಟಾವನ್ನು ಫೋನಿನ ಮೇಲೆ ಹಿಡಿದಳು. ಅವರು ವಾಪಸ್ ಬರುವವರೆಗೆ ನಾನು ನಿಂತಲ್ಲಿಂದ ಒಂದು ಹೆಜ್ಜೆಯೂ ಕದಲಲಿಲ್ಲ.